ಪರವಾನಗಿ ಬೇಡದ ನೀರು

ಮೇ 11, ಶನಿವಾರ

ಬಂಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಇವರು ನೀರಿಗೆ ಇಳಿದಾಗಿದೆ. ನನ್ನ ಕಣ್ಣಿಗೆ ಕಾಣುವುದು ಇವರ ಹಗ್ಗಕ್ಕೆ ಕಟ್ಟಿದ ಕಿತ್ತಳೆ ಬಣ್ಣದ ತೇಲುಬುಂಡೆ ಒಂದೇ. ಅದು ಅಲ್ಲಾಡಿದರೆ ಇವರು ಇದ್ದಾರೆ ಅಂತ ಅರ್ಥ. ಅಲ್ಲಾಡದಿದ್ದರೂ ಇದ್ದಾರಂತೆ, ಕೆಳಗಿದ್ದಾರಂತೆ. ಇದೆಂಥಾ ಲೆಕ್ಕವೋ ನನಗಂತೂ ತಿಳಿಯದು.

ದಿನಚರಿ ಬರೆಯುವ ಚಟ ನನಗೆಂದೂ ಇರಲಿಲ್ಲ. ಫೆಬ್ರವರಿಯಲ್ಲಿ ಇವರಿಗೆ ರಜೆ ಬರೆದುಕೊಟ್ಟ ಡಾಕ್ಟರು ನನಗೂ ಒಂದು ಮಾತು ಹೇಳಿದ್ದರು: ರೋಗಿಯ ಮನೆಯವರೂ ದಣಿಯುತ್ತಾರೆ, ಆಗಾಗ ನಾಲ್ಕು ಸಾಲು ಬರೆಯಿರಿ. ಮಾತಾಡಲು ಮನೆಯಲ್ಲಿ ಜನ ಇರುವಾಗ ಬರೆಯುವುದೇಕೆ ಅಂತ ನಕ್ಕಿದ್ದೆ. ಈಗ ಜನ ಇದ್ದಾರೆ, ಮಾತಿಲ್ಲ.

ಇವರು, ಅಂದರೆ ನನ್ನ ಯಜಮಾನರು ವಿಠ್ಠಲ, ನಾವಿರುವ ಸ್ವೀಡಿಶ್ ಊರು ಟ್ರೋಲ್‌ಹೆಟ್ಟನ್‌ನ ಕಾರ್ಖಾನೆಯಲ್ಲಿ ವಿಮಾನದ ಎಂಜಿನ್ ಭಾಗಗಳನ್ನು ಕಟ್ಟಕಡೆಗೆ ನೋಡಿ ಸರಿಯಾಗಿದೆ ಎಂದು ಸಹಿ ಹಾಕುವವರು. ವರ್ಷಗಟ್ಟಲೆ ಹಾಕಿದರು. ಒಂದು ಬೆಳಿಗ್ಗೆ ಪೆನ್ನು ಹಿಡಿದು ಕೂತವರಿಗೆ ಸಹಿ ಹಾಕಲು ಆಗಲಿಲ್ಲವಂತೆ. ಯಾರೂ ಬೈದಿರಲಿಲ್ಲ, ಏನೂ ಕೆಟ್ಟಿರಲಿಲ್ಲ. ಮಧ್ಯಾಹ್ನದವರೆಗೆ ಹಾಗೇ ಕೂತಿದ್ದರಂತೆ. ಅವತ್ತಿನಿಂದ ಮನೆಯಲ್ಲೂ ಹಾಗೇ ಕೂತಿದ್ದಾರೆ. ಹೊರಗೆ ಹೋಗಿ, ಕಾಡಿಗೆ ಹೋಗಿ, ನೀರಿಗೆ ಹೋಗಿ ಎಂದರು ಡಾಕ್ಟರು. ಇವರು ಕುಮಟಾದ ಕಡೆಯವರು. ಚಿಕ್ಕಂದಿನಲ್ಲಿ ಮುಳುಗು ಹಾಕಿ ಬಂಡೆಗಂಟಿದ ಚಿಪ್ಪು ಕೀಳುತ್ತಿದ್ದವರು. ಕಾಡು ಬಿಟ್ಟು ನೀರನ್ನೇ ಆರಿಸಿಕೊಂಡರು. ಕಪ್ಪು ರಬ್ಬರಿನ ಉಡುಪು, ಕಾಲಿಗೆ ಉದ್ದನೆಯ ನೀಲಿ ರೆಕ್ಕೆ, ಕೈಯಲ್ಲಿ ಮೀನಿಗೆ ಈಟಿ ಹೊಡೆಯುವ ಸ್ಪಿಯರ್‌ಗನ್. ಉಸಿರಿನ ಸಿಲಿಂಡರ್ ಇಲ್ಲ. ಎದೆಯಲ್ಲಿ ಹಿಡಿದ ಗಾಳಿ ಎಷ್ಟಿದೆಯೋ ಅಷ್ಟೇ ಬಂಡವಾಳ.

ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನಾನು ಮೀನಿನ ಬಾಣಲೆಯನ್ನೇ ಬಾಲ್ಕನಿಯಲ್ಲಿ ಇಡಿಸಿದವಳು. ಆ ಸಾಮಾನಿನ ಚೀಲವನ್ನು ಮುಟ್ಟುವುದೂ ಇಲ್ಲ. ಆದರೂ ಕಾರಿನಲ್ಲಿ ಒಂದು ಗಂಟೆ ಬಂದು ಇಲ್ಲಿ ಕೂತಿದ್ದೇನೆ. ನೀರಿಗಿಳಿಯುವ ಮುಂಚೆ ಇವರು ಬೊಗಸೆಯಲ್ಲಿ ನೀರೆತ್ತಿ ಮೂರು ಸಲ ಬಿಟ್ಟರು. ಊರಿನ ಅಭ್ಯಾಸ. ಅಷ್ಟು ಹೊತ್ತು ಮುಖದಲ್ಲಿ ಹಳೆಯ ಕಳೆ ಇತ್ತು. ಆಮೇಲೆ ತಲೆ ಒಳಗೆ ಹೋಯಿತು.

ಬಂದರು. ಬರೆಯುವುದು ನಿಲ್ಲಿಸುತ್ತೇನೆ.

ಮೇ 14, ಮಂಗಳವಾರ

ನಾನು ಕೊಮ್ಯೂನ್, ಅಂದರೆ ಇಲ್ಲಿನ ಪುರಸಭೆಯ, ಕಚೇರಿಯಲ್ಲಿ ಕಟ್ಟಡ ಪರವಾನಗಿ ವಿಭಾಗದಲ್ಲಿ ಕೆಲಸ ಮಾಡುವವಳು. ಈ ದೇಶದಲ್ಲಿ ಬಾಲ್ಕನಿಗೆ ಗಾಜು ಹಾಕಿಸಬೇಕೆಂದರೂ ಅರ್ಜಿ ಬೇಕು, ಮತ್ತು ಆ ಅರ್ಜಿಯನ್ನು ನಕ್ಷೆ ಸಾಲದು ಎಂದು ವಾಪಸು ಕಳಿಸುವವಳು ನಾನೇ. ಹೀಗಿರುವಾಗ ಒಬ್ಬ ಮನುಷ್ಯ ಕೈಯಲ್ಲಿ ಈಟಿ ಹಿಡಿದು, ಉಸಿರು ಕಟ್ಟಿ, ಸಮುದ್ರದ ತಳಕ್ಕೆ ಹೋಗುವುದಕ್ಕೆ ಪರವಾನಗಿ ಬೇಡವೇ? ಇರಲೇಬೇಕು. ಅದಕ್ಕೆ ಡಾಕ್ಟರ ಸರ್ಟಿಫಿಕೇಟೂ ಬೇಕಾಗುತ್ತದೆ. ಇವರ ಈಗಿನ ಸ್ಥಿತಿಯಲ್ಲಿ ಅದು ಸಿಗುವುದಿಲ್ಲ. ಅಲ್ಲಿಗೆ ಈ ಹುಚ್ಚು ನಿಲ್ಲುತ್ತದೆ. ನಾನು ಬೇಡ ಅಂದ ಹಾಗೂ ಆಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಪೊಲೀಸರಿಗೆ ಫೋನ್ ಮಾಡಿದೆ. ಅತ್ತ ಕಡೆಯ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಗಂಡನಿಗೆ ಹದಿನೆಂಟು ತುಂಬಿದೆಯೇ? ನಲವತ್ತಾರು ಅಂದೆ. ಹಾಗಾದರೆ ಇಂಥದ್ದಕ್ಕೆ ಲೈಸೆನ್ಸ್ ಬೇಡ ಅಂದಳು. ಜಿಲ್ಲಾಡಳಿತದ ಮೀನುಗಾರಿಕೆ ವಿಭಾಗಕ್ಕೆ ಮಾಡಿದೆ. ಅಲ್ಲಿದ್ದವನು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದ. ಸಮುದ್ರ, ಸಾರ್ವಜನಿಕ ನೀರು, ಅಲ್ಲಿ ಕಾರ್ಡಿಲ್ಲ, ಪರೀಕ್ಷೆಯಿಲ್ಲ. ಖಾಸಗಿ ನೀರಾದರೆ ಆ ನೀರಿನ ಒಡೆಯರ ಒಪ್ಪಿಗೆ ಬೇಕು. ಕೆಲವು ಮೀನಿಗೆ ಕಾಲ ಉಂಟು, ಕೆಲವಕ್ಕೆ ಅಳತೆ ಉಂಟು, ಕೆಲವನ್ನು ಈಟಿಯಿಂದ ಮುಟ್ಟುವಂತೆಯೇ ಇಲ್ಲ. ನಿಯಮ ಬೆಟ್ಟದಷ್ಟಿದೆ, ಪರವಾನಗಿ ಮಾತ್ರ ಇಲ್ಲ. ಪರವಾನಗಿಯೇ ಇಲ್ಲದ ಮೇಲೆ ರದ್ದು ಮಾಡುವುದಾದರೂ ಏನನ್ನು?

ಹಾಗಾದರೆ ಅವರನ್ನು ತಡೆಯುವುದು ಯಾರ ಇಲಾಖೆ ಅಂತ ಕೇಳಿಯೇಬಿಟ್ಟೆ. ನಿಮ್ಮದು ಅನ್ನಿಸುತ್ತದೆ ಎಂದ. ತಲೆಹರಟೆ.

ಮೇ 25, ಶನಿವಾರ

ಮತ್ತೆ ಅದೇ ಬಂಡೆ. ಈ ಕೊಲ್ಲಿಗೆ ಕ್ರೋಕ್‌ವೀಕೆನ್ ಅಂತ ಹೆಸರು. ನಾನು ಕಾಗೆಕೊಲ್ಲಿ ಅಂತ ಕರೆಯುತ್ತೇನೆ, ಅರ್ಥವೂ ಅದೇ. ಇಲ್ಲಿನ ನೀರು ದಿಬ್ಬದ ಮೇಲಿನ ಕೆಂಪು ಮನೆಯ ಅಜ್ಜಿಯದು. ಹೋಗಿ ಕೇಳಿದೆ. ಆಕೆ ಗಿಡಕ್ಕೆ ನೀರು ಹಾಕುತ್ತಲೇ ತಲೆಯಾಡಿಸಿ ಆಗಲಿ ಅಂದಳು. ಇಲ್ಲ ಅನ್ನಲಿ ಅಂತ ಹೋಗಿದ್ದೆ ನಾನು.

ನಿಯಮಗಳು ನನಗೀಗ ಬಾಯಿಪಾಠ. ಇವರಿಗೂ ಒಪ್ಪಿಸಿದೆ. ಗಾಳ ಹಾಕುವವನು ಸಣ್ಣ ಮೀನು ಸಿಕ್ಕರೆ ಅಳೆದು ನೋಡಿ ನೀರಿಗೆ ಬಿಡಬಹುದು, ಈಟಿಯವನಿಗೆ ಆ ಸವಲತ್ತಿಲ್ಲ ಅಂದೆ. ಇವರು ಬಹಳ ದಿನದ ಮೇಲೆ ಒಂದು ಪೂರ್ತಿ ವಾಕ್ಯ ಆಡಿದರು.

"ಹೌದು. ಮೊದಲು ಕಣ್ಣಲ್ಲೇ ಅಳೀಬೇಕು. ಬಿಟ್ಟ ಮೇಲೆ ಅಳೆದು ಏನು ಮಾಡ್ತೀಯಾ?"

ಇವತ್ತು ಒಂದು ಚಪ್ಪಟೆ ಮೀನು ತಂದರು. ನಾನು ಆಫೀಸಿನ ಸ್ಕೇಲಿನಲ್ಲಿ ಅಳೆದೆ, ಮೂಗಿಗೆ ಸೆರಗಿಲ್ಲದ್ದಕ್ಕೆ ತೋಳು ಅಡ್ಡ ಹಿಡಿದುಕೊಂಡು. ಅಳತೆ ಸರಿಯಿತ್ತು. ನಿರಾಸೆಯಾಯಿತು. ಮನೆಗೆ ಬಂದು ಬಾಲ್ಕನಿಯಲ್ಲಿ ಹುರಿದುಕೊಂಡರು, ಎರಡು ತುತ್ತು ತಿಂದು ತಟ್ಟೆ ಸರಿಸಿದರು. ತಿನ್ನುವುದಕ್ಕೂ ಅಲ್ಲದಿದ್ದರೆ ಇದೆಲ್ಲ ಯಾತಕ್ಕೆ?

ಯೋನ್‌ಶೋಪಿಂಗ್‌ನಲ್ಲಿ ಓದುತ್ತಿರುವ ಮಗಳು ವರ್ಷಾ ಫೋನ್ ಮಾಡಿದ್ದಳು. ಅಪ್ಪನನ್ನು ಬಿಡಮ್ಮ, ಅವರಿಗೆ ಅದು ಬೇಕಾಗಿದೆ ಎಂದು ಸ್ವೀಡಿಶ್‌ನಲ್ಲಿ ಉಪದೇಶ ಮಾಡಿದಳು. ಬಂಡೆ ಮೇಲೆ ಕೂರುವವಳು ಅವಳಲ್ಲವಲ್ಲ.

ಇವರು ಒಳಗೆ ಹೋದಾಗೆಲ್ಲ ನಾನೂ ಉಸಿರು ಹಿಡಿಯುತ್ತೇನೆ. ಬೇಕಂತಲ್ಲ. ಎದೆ ತಾನಾಗಿ ನಿಲ್ಲುತ್ತದೆ. ಇವರು ಬರುವ ಎಷ್ಟೋ ಮೊದಲೇ ನನಗೆ ತಡೆಯಲಾರದೆ ಹೋಗುತ್ತದೆ.

ಜೂನ್ 1, ಶನಿವಾರ

ಇವತ್ತು ಕಾರಿನಲ್ಲಿ ಕೇಳಿದೆ. ಅಷ್ಟು ಹೊತ್ತು ಕೆಳಗೆ ಏನಿದೆ ಅಂತ ಹೋಗುತ್ತೀರಿ?

"ಸದ್ದಿಲ್ಲ ಅಲ್ಲಿ," ಅಂದರು. ಆಮೇಲೆ ಸೇತುವೆ ದಾಟುವಾಗ, ನನಗಲ್ಲ, ಗಾಜಿಗೆ ಹೇಳುವ ಹಾಗೆ ಹೇಳಿದರು. "ಮೇಲೆ ಬರೋಕೇ ಬೇಜಾರಾಗತ್ತೆ."

ನಾನು ರೇಡಿಯೋ ಹಾಕಿದೆ. 

ಬರೆಯುತ್ತೇನೆ, ಇಲ್ಲಿ ಬರೆಯದೆ ಎಲ್ಲಿ ಬರೆಯಲಿ. ಇವರು ಮುಳುಗಿಹೋಗುತ್ತಾರೆ ಎಂಬ ಭಯವಲ್ಲ ನನ್ನದು. ಇವರಿಗೆ ಈಜು ನೀರು ಕುಡಿದಷ್ಟು ಸುಲಭ. ಒಂದು ದಿನ ಅಲ್ಲೇ ಇದ್ದುಬಿಡೋಣ ಅಂತ ಅನ್ನಿಸಿದರೆ? ಅದು ನನ್ನ ಭಯ. ಹೋದ ವಾರವೇ ಡಾಕ್ಟರಿಗೆ ಹೇಳಿದ್ದೆ. ಇವರನ್ನು ಕೂರಿಸಿಕೊಂಡು ಮಾತಾಡಿದರು, ಔಷಧಿ ಬದಲಿಸಿದರು, ವಾರಕ್ಕೊಮ್ಮೆ ಬನ್ನಿ ಅಂದರು. ನೀರು ಬಿಡಿ ಅಂತ ಮಾತ್ರ ಯಾರೂ ಹೇಳಲೊಲ್ಲರು. ನೀರಿನಿಂದ ಬಂದ ದಿನ ನಿದ್ದೆ ಬರುತ್ತದಂತಲ್ಲ, ಒಳ್ಳೆಯದೇ ಅಂತೆ.

ಜೂನ್ 4, ಮಂಗಳವಾರ

ಸಿಕ್ಕಿತು.

ನಕ್ಷೆ ಓದುವುದು ನನ್ನ ಹೊಟ್ಟೆಪಾಡು. ಜಿಲ್ಲಾಡಳಿತದ ನಕ್ಷೆಯನ್ನು ಪದರ ಪದರವಾಗಿ ತೆರೆದು ನೋಡಿದೆ. ಕಾಗೆಕೊಲ್ಲಿಯ ಬಾಯಲ್ಲಿ ಒಂದು ಬೋಳು ನಡುಗಡ್ಡೆಯಿದೆ, ಇವರು ಅದರ ಸುತ್ತಲೇ ಮುಳುಗುವುದು. ಆ ನಡುಗಡ್ಡೆ ಮತ್ತು ಸುತ್ತಲಿನ ನೀರು ಹಕ್ಕಿಗಳು ಮೊಟ್ಟೆಯಿಡುವ ಜಾಗ. ಜುಲೈ ನಡುವಿನವರೆಗೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಫಲಕ ನಡುಗಡ್ಡೆಯ ಆಚೆ ಮಗ್ಗುಲಿಗಿದೆ, ನಮಗೆ ಕಂಡಿಲ್ಲ.

ಇವರಿಗೇ ಹೇಳಬಹುದಿತ್ತು. ಹೇಳಿದರೆ ತಲೆಯಾಡಿಸಿ ನಾಲ್ಕು ಮಾರು ಪಕ್ಕಕ್ಕೆ ಸರಿಯುತ್ತಾರೆ, ಅಷ್ಟೇ. ಹೆಂಡತಿ ಹೇಳಿದ್ದು ಮಾತು, ಸರ್ಕಾರ ಹೇಳಿದ್ದು ನಿಯಮ. ಸಮವಸ್ತ್ರದವರು ಬಂದು ಒಮ್ಮೆ ಗದರಿಸಿದರೆ ಈಟಿ ಮೂಲೆ ಸೇರುತ್ತದೆ. ಇವರು ಜೀವಮಾನದಲ್ಲಿ ಟಿಕೆಟ್ಟಿಲ್ಲದೆ ಬಸ್ಸು ಹತ್ತಿದವರಲ್ಲ.

ದೂರು ಕಳಿಸಿದೆ, ಹೆಸರಿಲ್ಲದೆ. ಪಕ್ಕದ ಮನೆಯವನ ಬೇಲಿ ನಾಲ್ಕು ಬೆರಳು ಎತ್ತರ ಎಂದು ಹೆಸರಿಲ್ಲದೆ ದೂರುವವರನ್ನು ಕಂಡರೆ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ಉರಿದುಬೀಳುವವಳು ನಾನು. ಅವು ಅರೆಬರೆ ಬೇರೆ ಇರುತ್ತವೆ. ನನ್ನದು ಹಾಗಾಗಬಾರದು. ಜಾಗ, ದಿನ, ಹೊತ್ತು, ಕಾರು ನಿಲ್ಲಿಸುವ ಕಡೆ, ಎಲ್ಲ ಬರೆದೆ. ಗುರುತು: ಕಪ್ಪು ಉಡುಪು, ನೀಲಿ ರೆಕ್ಕೆ, ಸುಮಾರು ನಲವತ್ತೈದರ ಗಂಡಸು, ನೀರಿಗಿಳಿಯುವ ಮುಂಚೆ ಬೊಗಸೆಯಲ್ಲಿ ಮೂರು ಸಲ ನೀರೆತ್ತಿ ಬಿಡುವ ರೂಢಿ. ಇಷ್ಟಿದ್ದರೆ ಯಾವ ಅಧಿಕಾರಿಗೂ ಗುರುತು ತಪ್ಪುವುದಿಲ್ಲ.

ಕಳಿಸಿದ ಮೇಲೆ ಹೋಗಿ ಎರಡು ಸಲ ಕೈ ತೊಳೆದುಕೊಂಡೆ.

ಜೂನ್ 8, ಶನಿವಾರ

ಬಂದ. ಸಮವಸ್ತ್ರ ಇರಲಿಲ್ಲ. ಬ್ಯೋರ್ಯೆ ಅಂತ, ರಿಟೈರಾದ ಮೇಷ್ಟ್ರು, ಸಣ್ಣ ದೋಣಿ, ತೋಳಿಗೆ ಜಿಲ್ಲಾಡಳಿತದ ಬಿಲ್ಲೆ. ಹಕ್ಕಿ ನೀರು, ಮೀನಿನ ನೀರು ಎರಡನ್ನೂ ಕಾಯುವವನಂತೆ. ನಡುಗಡ್ಡೆಯ ಹತ್ತಿರ ಇವರು ತಲೆಯೆತ್ತಿದಾಗ ದೋಣಿ ನಿಲ್ಲಿಸಿ ಏನೋ ಹೇಳಿದ. ಮೊಬೈಲ್ ನೋಡಿ ಓದಿದ. ಇವರು ನೀರಿನಲ್ಲಿ ತೇಲುತ್ತಾ ಕೇಳಿಸಿಕೊಂಡರು. ನನಗೆ ಒಂದಕ್ಷರ ಕೇಳಿಸಲಿಲ್ಲ. ಇವರು ಒಮ್ಮೆ ತಿರುಗಿ ನಾನಿದ್ದ ಬಂಡೆಯ ಕಡೆ ನೋಡಿದರು.

ದಂಡವಿಲ್ಲ, ಬರೀ ಎಚ್ಚರಿಕೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಮಾತಿಲ್ಲ. ಮಾತಿಲ್ಲದಿರುವುದು ಹೊಸದೇನಲ್ಲ, ಆದರೆ ಇವತ್ತಿನ ಮೌನಕ್ಕೆ ಬೇರೆ ರುಚಿಯಿತ್ತು. ಪರವಾಗಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಜೂನ್ 10, ಸೋಮವಾರ

ಸಾಮಾನಿನ ಚೀಲ ಕೆಳಗಿನ ಉಗ್ರಾಣದಲ್ಲಿದೆ. ಇವರು ಸೋಫಾದ ಮೇಲಿದ್ದಾರೆ. ಗೆದ್ದೆ.

ಜೂನ್ 20, ಗುರುವಾರ

ಗೆದ್ದದ್ದು ಮಣ್ಣಂಗಟ್ಟಿ.

ನಾಳೆ ಮಿಡ್‌ಸಮ್ಮರ್ ಹಬ್ಬ, ಆಫೀಸಿಗೆ ಅರ್ಧ ದಿನ. ಬೇಗ ಬಂದೆ. ಮನೆಯಲ್ಲಿ ಇವರಿಲ್ಲ. ಕಾರೂ ಇಲ್ಲ. ಸಂಜೆ ಬಂದಾಗ ಕಾರಿನ ಮಾಡಿಗೆ ಒಂದು ಹಳೆಯ ಕಯಾಕ್ ದೋಣಿ ಕಟ್ಟಿತ್ತು. ಸೀಟಿನ ಮೇಲೆ ಉಪ್ಪು ಒಣಗಿ ಬೆಳ್ಳಗಾಗಿತ್ತು, ಒಂದು ದಿನದ್ದಲ್ಲ. ನಾನು ಆಫೀಸಿಗೆ ಹೋದ ಮೇಲೆ ಹೋಗಿ, ಬರುವ ಮುಂಚೆ ಬರುತ್ತಿದ್ದಾರೆ. ಎಲ್ಲಿಗೆ ಅಂದೆ. ಹೊರಗಿನ ನಡುಗಡ್ಡೆಗಳಿಗೆ ಎಂದರು. ಅಲ್ಲಿ ಆಚೆಗೆ ತೆರೆದ ಸಮುದ್ರ, ಮನೆಯಿಲ್ಲ, ಮರವಿಲ್ಲ.

ಅಲ್ಲಿ ಯಾರಿರುತ್ತಾರೆ ಅಂತ ಕೇಳಿದೆ.

"ಯಾರೂ ಇರಲ್ಲ. ದೂರು ಕೊಡೋಕೂ ಯಾರಿಲ್ಲ. ರೂಲ್ಸ್ ಪ್ರಕಾರ ಸರಿಯಾಗೇ ಇದೆ, ನೋಡ್ಕೋ ಬೇಕಾದ್ರೆ."

ನೋಡಿದೆ. ಸರಿಯಾಗೇ ಇದೆ. ಕಣ್ಣೆದುರಿನ ಕೊಲ್ಲಿಯಿಂದ ಎಬ್ಬಿಸಿ ಕಣ್ಣು ಹಾಯದ ಕಡೆಗೆ ಓಡಿಸಿದವಳು ನಾನೇ. ಇರಲಾರದೆ ಇರುವೆ ಬಿಟ್ಟುಕೊಂಡೆ. ಅತ್ತುಬಿಟ್ಟೆ, ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು.

ಜೂನ್ 26, ಬುಧವಾರ

ಆಫೀಸಿನ ಮರೀಟಾಗೆ ಎಲ್ಲ ಹೇಳಿದೆ, ದೂರಿನ ವಿಷಯ ಒಂದು ಬಿಟ್ಟು. ಆಕೆಯ ತಮ್ಮ ಇಂಥ ಮುಳುಗುವವರ ಕ್ಲಬ್ಬಿನಲ್ಲಿದ್ದಾನೆ. ಸಂಜೆ ಕರೆದುಕೊಂಡು ಹೋದಳು. ಏನಾದರೂ ಕಾಯಿದೆ ಇದೆಯೇ ಅಂತ ಅವನನ್ನೂ ಕೇಳಿದೆ, ನನ್ನ ಬಾಯಿ ಸುಮ್ಮನಿರಬೇಕಲ್ಲ. ಒಂದಿದೆ ಎಂದ. ಒಬ್ಬರೇ ಮುಳುಗುವಂತಿಲ್ಲ. ಒಬ್ಬರು ಕೆಳಗಿದ್ದರೆ ಒಬ್ಬರು ಮೇಲಿರಬೇಕು, ನೀರಿನಲ್ಲೇ ಇರಬೇಕು, ಬಂಡೆ ಮೇಲಲ್ಲ. ಕೆಳಗಿನವನು ಮೇಲೆ ಬಂದ ಮೇಲೂ ಕಣ್ಣು ತೆಗೆಯುವಂತಿಲ್ಲ, ಯಾಕೆಂದರೆ ತುಂಬಾ ಜನಕ್ಕೆ ಪ್ರಜ್ಞೆ ತಪ್ಪುವುದು ಮೇಲೆ ಬಂದು ಉಸಿರು ತೆಗೆದುಕೊಂಡ ಮೇಲೆ. ಆಗ ಗಲ್ಲ ಎತ್ತಿ ಹಿಡಿದು, ಮುಖದ ಕನ್ನಡಕ ಕಿತ್ತು, ಹೆಸರು ಹಿಡಿದು ಕರೆದು ಉಸಿರಾಡು ಎನ್ನಬೇಕು.

ಇದು ಯಾವ ಕಾಯಿದೆಯ ಎಷ್ಟನೇ ಕಲಮು ಅಂದೆ. ಎಲ್ಲೂ ಬರೆದಿಲ್ಲ ಅಂತ ನಕ್ಕ. ಬರೆಯದ ನಿಯಮ ಯಾವ ಸೀಮೆ ನಿಯಮ ಅಂತ ಬೈದುಕೊಂಡು ಬಂದೆ.

ಜುಲೈ 2, ಮಂಗಳವಾರ

ಮರೀಟಾ ಊರಿನ ಈಜುಕೊಳಕ್ಕೆ ಎಳೆದುಕೊಂಡು ಹೋದಳು. ದೊಡ್ಡವರ ಕಲಿಕೆ ತರಗತಿ. ಮೊಣಕಾಲವರೆಗೆ ಬಟ್ಟೆಯಿರುವ ಈಜುಡುಪು ಹುಡುಕಲು ಮೂರು ಅಂಗಡಿ ಸುತ್ತಬೇಕಾಯಿತು. ಕ್ಲೋರಿನ್ ವಾಸನೆ. ತಲೆ ಒಳಗೆ ಹಾಕು ಅಂದರು, ಹಾಕಲಿಲ್ಲ.

ಇವರು ಹೊರಗೆ ಹೋಗಿದ್ದರು. ಆರು ಗಂಟೆಗೆ ಬಂದರು. ಆರರವರೆಗೆ ನಾನು ಬಾಲ್ಕನಿಯಲ್ಲಿ.

ಜುಲೈ 5, ಶುಕ್ರವಾರ

ಮತ್ತೆ ಈಜುಕೊಳ. ಮೂಗಿಗೆ ನೀರು. ತಲೆ ಒಳಗೆ ಹಾಕಿದೆ.

ಜುಲೈ 9, ಮಂಗಳವಾರ

ಎಂಟಾದರೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಕರಾವಳಿ ಕಾವಲಿನವರ ನಂಬರ್ ಒತ್ತಿ ಕೈಯಲ್ಲಿ ಹಿಡಿದು ನಿಂತಿದ್ದೆ, ಕಾರಿನ ಸದ್ದಾಯಿತು. ಬಾಗಿಲಲ್ಲೇ ಬಾಯಿಗೆ ಬಂದಂತೆ ಬೈದೆ. ಇಪ್ಪತ್ತು ವರ್ಷದಲ್ಲಿ ಹಾಗೆ ಬೈದಿಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಉಪ್ಪಿಟ್ಟು ಮಾಡ್ತೀಯಾ ಅಂದರು. ಎಷ್ಟು ತಿಂಗಳಾಯಿತೋ ಇವರು ಇಂಥದ್ದು ಬೇಕು ಅಂತ ಕೇಳಿ. ಬೈಯುವುದು ನಿಲ್ಲಿಸದೆಯೇ ರವೆ ಹುರಿದೆ. ಎರಡು ಸಲ ಹಾಕಿಸಿಕೊಂಡರು.

ತಿನ್ನುತ್ತಾ ಒಂದು ವಿಚಿತ್ರ ಪ್ರಶ್ನೆ ಕೇಳಿದರು. ನಿಮ್ಮ ಆಫೀಸಿಗೆ ಬರೋ ದೂರುಗಳಲ್ಲಿ ತುಂಬಾ ವಿವರ ಇರತ್ತಾ? ಬಾಣಲೆ ಕೆರೆಯತೊಡಗಿದೆ. ಇರಲ್ಲ, ಎಲ್ಲ ಅರೆಬರೆ ಅಂದೆ. ಹೂಂ ಅಂದರು. ತುಟಿಯ ಅಂಚಿನಲ್ಲಿ ಏನೋ ಇತ್ತು, ಉಪ್ಪಿಟ್ಟಿನ ಚೂರೋ ಏನೋ.

ಇದೇ ಸಮಯ ಅಂತ ಹೇಳಿದೆ. ನೀವು ಹೋಗುವುದಾದರೆ ನಾನೂ ನೀರಿಗೇ ಬರುತ್ತೇನೆ, ನೀವು ಕೆಳಗೆ, ನಾನು ಮೇಲೆ. ಆ ಹೊರಗಿನ ನಡುಗಡ್ಡೆ ಬೇಡ, ಕಾಗೆಕೊಲ್ಲಿಗೇ ಹೋಗೋಣ, ಹಕ್ಕಿಗಳ ಅವಧಿ ಇನ್ನೊಂದು ವಾರದಲ್ಲಿ ಮುಗಿಯುತ್ತದೆ. ನಿನಗೆ ಈಜು ಬರತ್ತಾ ಅಂದರು. ಬರತ್ತೆ ಅಂದೆ. ಸುಳ್ಳು ಅಂದರೆ ಪೂರ್ತಿ ಸುಳ್ಳಲ್ಲ.

ಜುಲೈ 20, ಶನಿವಾರ

ಬರೆಯಲು ಹೊತ್ತಿಲ್ಲ, ಮೈ ಎಲ್ಲ ನೋವು. ಬಾಡಿಗೆಯ ರಬ್ಬರ್ ಉಡುಪಿಗೆ ಮೈ ತೂರಿಸಲು ಅರ್ಧ ಗಂಟೆ, ಇವರು ಹಿಂದಿನಿಂದ ಜಗ್ಗಿದರು. ಬೊಗಸೆಯಲ್ಲಿ ನೀರು ಬಿಟ್ಟ ಮೇಲೆ ನೀನೂ ಬಿಡು ಅಂದರು. ಬಿಟ್ಟೆ. ನೀರು ಎಷ್ಟು ತಣ್ಣಗಿತ್ತೆಂದರೆ ದೇವರ ಹೆಸರೇ ಬರಲಿಲ್ಲ, ಅಮ್ಮಾ ಅಂತ ಬಂತು.

ತೇಲುಬುಂಡೆ ತಬ್ಬಿಕೊಂಡು ತಲೆ ಒಳಗೆ ಹಾಕಿ ನೋಡಿದೆ. ಬಂಡೆಯಿಂದ ನೋಡುವಾಗ ಬರೀ ಕಪ್ಪು ನೀರು ಇದು. ಒಳಗೆ ಹಸಿರು ಬೆಳಕು, ಕಂದು ಪಾಚಿಯ ಉದ್ದುದ್ದ ಪಟ್ಟಿಗಳು ಓಲಾಡುತ್ತಿವೆ, ಸಣ್ಣ ಮೀನಿನ ಹಿಂಡು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಾದುಹೋಯಿತು. ಇವರು ಕೆಳಗಿಳಿಯುವುದು ಪೂರ್ತಿ ಕಾಣಿಸಿತು. ಆ ಬೆಳಕಿಗೆ ಹಸಿರಾಗಿ ಕಂಡ ರೆಕ್ಕೆಗಳು ಎರಡು ಸಲ ಆಡಿದವು, ಆಮೇಲೆ ಸುಮ್ಮನೆ ಜಾರಿಕೊಂಡು ಹೋದರು. ತಳದಲ್ಲಿ ಹೊಟ್ಟೆಯ ಮೇಲೆ ಮಲಗಿದರು. ಒಂದು ಮೀನು ಬಂತು. ಹೊಡೆಯಲಿಲ್ಲ. ಮೇಲೆ ಬಂದು, ಚಿಕ್ಕದು ಅಂದರು. ಅಳತೆ ಸರಿಯಿತ್ತು ಅನ್ನಿಸುತ್ತದೆ ನನಗೆ.

ಕರಗಿದ ಐಸಿನಂಥ ನೀರಿನಲ್ಲಿ ಎಷ್ಟು ಹೊತ್ತು ಇದ್ದೆವೋ ಗಡಿಯಾರ ನೋಡಲಿಲ್ಲ.

ಆಗಸ್ಟ್ 3, ಶನಿವಾರ

ನಮ್ಮ ತೇಲುಬುಂಡೆಯ ಹಗ್ಗ ಸವೆದಿದೆ, ಹೊಸದು ತರಬೇಕು. ನನ್ನ ಅಳತೆಯ ಉಡುಪು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಫೋನಿನಲ್ಲಿ ನಿಮ್ಮದೇ ಇಲಾಖೆ ಅಂದ ಜಿಲ್ಲಾಡಳಿತದ ಆ ತಲೆಹರಟೆ, ನಿಯಮದಲ್ಲಿ ಏನೋ ಬದಲಾಗಿದೆ ಅಂತ ಮೇಲ್ ಕಳಿಸಿದ್ದಾನೆ, ಇನ್ನೂ ತೆರೆದಿಲ್ಲ.

ಕಾರ್ಖಾನೆಯವರು ಶರತ್ಕಾಲಕ್ಕೆ ದಿನಕ್ಕೆರಡು ಗಂಟೆ ಬಂದು ಕೂರಿ ಅಂದಿದ್ದಾರಂತೆ. ನೋಡೋಣ ಅಂದರು. ಇಲ್ಲ ಅನ್ನಲಿಲ್ಲ.

ಆಗಸ್ಟ್ 10, ಶನಿವಾರ

 ಬರೆದುಬಿಡುತ್ತೇನೆ.

ಇವತ್ತು ನೀರು ತಿಳಿಯಾಗಿತ್ತು, ಇವರು ನಡುಗಡ್ಡೆಯ ಆಚೆಯ ಆಳಕ್ಕೆ ಇಳಿದರು. ಹೆಚ್ಚು ಹೊತ್ತಾಯಿತು ಅಂತ ನನ್ನ ಎದೆಗೇ ಗೊತ್ತಾಯಿತು. ಬಂದರು. ತಲೆ ನೀರಿನಿಂದ ಹೊರಗೆ ಬಂತು, ಉಸಿರು ತೆಗೆದುಕೊಂಡರು, ಬೆರಳು ಮಡಚಿ ಸರಿಯಿದ್ದೇನೆ ಅಂತ ಸನ್ನೆಯನ್ನೂ ಮಾಡಿದರು. ಬಂಡೆ ಮೇಲಿದ್ದಿದ್ದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಫ್ಲಾಸ್ಕ್ ತೆರೆಯುತ್ತಿದ್ದೆ. ಮರೀಟಾಳ ತಮ್ಮ ಹೇಳಿದ ಹಾಗೆ ಕಣ್ಣು ತೆಗೆಯಲಿಲ್ಲ. ತುಟಿ ನೀಲಿಯಾಗಿತ್ತು. ಕಣ್ಣು ನನ್ನ ಕಡೆಗಿತ್ತು, ನೋಡುತ್ತಿರಲಿಲ್ಲ. ಆಮೇಲೆ ಗಲ್ಲ ಮೆಲ್ಲಗೆ ನೀರಿಗೆ ಇಳಿಯಿತು, ಕೂತಲ್ಲೇ ತೂಕಡಿಸುವವರ ಹಾಗೆ.

ತೇಲುಬುಂಡೆ ಬಿಟ್ಟೆ. ಇದುವರೆಗೆ ಬಿಟ್ಟಿರಲಿಲ್ಲ. ಗಲ್ಲದ ಕೆಳಗೆ ಕೈ ಕೊಟ್ಟು ಎತ್ತಿದೆ, ಕನ್ನಡಕ ಕಿತ್ತೆ, ಕೆನ್ನೆಗೆ ತಟ್ಟಿದೆ. ಹೆಸರು ಹಿಡಿದು ಕರೆಯಬೇಕಲ್ಲ. ಮದುವೆಯಾಗಿ ಇಷ್ಟು ವರ್ಷ ರೀ ಅಂದವಳು.

"ವಿಠ್ಠಲ! ಉಸಿರು ತಗೋ. ವಿಠ್ಠಲ, ಉಸಿರಾಡು."

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗೊರಕೆಯಂಥ ಸದ್ದು ಮಾಡಿ ಗಾಳಿ ಎಳೆದುಕೊಂಡರು. ಮತ್ತೊಮ್ಮೆ. ಕಣ್ಣು ಬಂದು ನನ್ನ ಮುಖದ ಮೇಲೆ ನಿಂತಿತು.

ಬಂಡೆಗೆ ಹೇಗೆ ತಲುಪಿದೆವೋ ಗೊತ್ತಿಲ್ಲ. ತುರ್ತು ವಿಭಾಗದಲ್ಲಿ ಎದೆ ನೋಡಿ ಸರಿಯಿದೆ ಅಂದರು. ಸದ್ಯಕ್ಕೆ ಆಳ ಬೇಡ ಎಂದು ಡಾಕ್ಟರು ಹೇಳುವ ಮೊದಲೇ ಇವರೇ ಹೇಳಿದರು. ಈಗ ಮಲಗಿದ್ದಾರೆ. ನಾನು ಬಾಗಿಲಲ್ಲಿ ಕೂತು ಎದೆ ಏರಿಳಿಯುವುದನ್ನು ನೋಡುತ್ತಿದ್ದೇನೆ.

ಆಗಸ್ಟ್ 11, ಭಾನುವಾರ

ಬೆಳಿಗ್ಗೆ ಇವರೇ ಕಾಫಿ ಸೋಸಿ ಬಾಲ್ಕನಿಗೆ ತಂದರು. ಮೀನಿನ ಬಾಣಲೆಯನ್ನು ಕಾಲಿನಿಂದ ಸರಿಸಿ ಕೂತರು. ಏನೋ ಹೇಳಲಿದ್ದಾರೆ ಅಂತ ಗೊತ್ತಾಯಿತು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಯಾವಾಗ ಅಭ್ಯಾಸವಾಯಿತೋ.

"ಆ ದೂರು ಬರೆದಿದ್ದು ನೀನೇ ಅಲ್ವಾ, ಶಕ್ಕು?"

ಲೋಟ ಕೆಳಗಿಟ್ಟೆ. ಹೌದು ಅಂದೆ. ಯಾವಾಗ ಗೊತ್ತಾಯಿತು ಅಂತ ಕೇಳಿದೆ.

ಅವತ್ತೇ ಅಂತೆ. ಬ್ಯೋರ್ಯೆ ದೋಣಿಯಲ್ಲಿ ಕೂತು ಗುರುತುಗಳನ್ನೆಲ್ಲ ಓದಿದನಂತೆ, ಕಾರು ನಿಲ್ಲಿಸುವ ಜಾಗದಿಂದ ಹಿಡಿದು ಬೊಗಸೆ ನೀರಿನವರೆಗೆ. ಓದಿ, ಇಷ್ಟು ಪೂರ್ತಿಯಾದ ದೂರನ್ನು ನನ್ನ ಜೀವನದಲ್ಲಿ ಕಂಡಿಲ್ಲ ಅಂದನಂತೆ. ಅಷ್ಟು ಅಚ್ಚುಕಟ್ಟಾಗಿ ಅರ್ಜಿ ಬರೆಯುವವರು ಈ ಜಿಲ್ಲೆಯಲ್ಲಿ ಒಬ್ಬರೇ ಇರುವುದು ಎಂದರು ಇವರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾಕೆ ಹೇಳಲಿಲ್ಲ ಅಂದೆ. ಸಿಟ್ಟು ಬಂದಿತ್ತಂತೆ. ಅದಕ್ಕೇ ಯಾರೂ ನೋಡದ ಕಡೆ ಹೋದರಂತೆ. ಆಮೇಲೆ ರಸ್ತೆಯ ಕಡೆ ನೋಡುತ್ತಾ ಹೇಳಿದರು, ನಡುವೆ ನಿಲ್ಲಿಸಿ ನಿಲ್ಲಿಸಿ.

"ಆ ಉಪ್ಪಿಟ್ಟು ಮಾಡಿದ ದಿನ. ಕೆಳಗೆ ಕೂತಿದ್ದೆ. ಯಾವತ್ತಿಗಿಂತ ಜಾಸ್ತಿ ಹೊತ್ತು. ಮೇಲೆ ಬರೋಕೆ ಏನೂ ಕಾರಣ ಹೊಳೀಲಿಲ್ಲ, ಶಕ್ಕು. ಹುಡುಕಿದೆ, ನಿಜವಾಗ್ಲೂ ಹುಡುಕಿದೆ. ಆಗ ನಿನ್ನ ದೂರು ನೆನಪಾಯ್ತು. ಬೊಗಸೆಯಲ್ಲಿ ಮೂರು ಸಲ ನೀರೆತ್ತಿ ಬಿಡುವ ರೂಢಿ ಅಂತ, ಸ್ವೀಡಿಶ್‌ನಲ್ಲಿ, ಆಫೀಸ್ ಭಾಷೇಲಿ. ನಗು ಬಂದುಬಿಡ್ತು. ನೀರೊಳಗೆ ನಗೋಕಾಗಲ್ಲ. ಮೇಲೆ ಬರಲೇಬೇಕಾಯ್ತು."

ನಾನು ಅಳುತ್ತಿದ್ದೆ. ಇವರೂ. ಕೆಳಗೆ ಯಾರದೋ ಸೈಕಲ್ ಗಂಟೆ ಹೊಡೆಯಿತು. ಕಾಫಿ ಆರಿತು.

ಇನ್ನು ಆ ಥರ ಕೂರಲ್ಲ ಅಂದರು. ಅದನ್ನು ನಾಳೆ ಡಾಕ್ಟರಿಗೂ ಹೇಳಬೇಕು, ಇದ್ದದ್ದು ಇದ್ದ ಹಾಗೆ, ನಾನೂ ಜೊತೆಗೆ ಬರುತ್ತೇನೆ ಅಂದೆ. ಆಗಲಿ ಎಂದರು.

ಲೋಟ ಎತ್ತಿಕೊಂಡು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತರು. ದೂರಿನಲ್ಲಿ ಒಂದು ತಪ್ಪಿತ್ತಂತೆ. ನನ್ನ ಅರ್ಜಿಯಲ್ಲಿ ತಪ್ಪೇ? ಏನದು ಅಂತ ಕೇಳಿದೆ, ಮೂಗೊರೆಸಿಕೊಂಡು.

"ನೀಲಿ ರೆಕ್ಕೆ ಅಂತ ಬರೆದಿದ್ದೆ ನೀನು. ನನ್ನದು ಹಸಿರು ಕಣೇ."

ಸಾಧ್ಯವೇ ಇಲ್ಲ ಅಂದೆ. ಉಗ್ರಾಣಕ್ಕೆ ಹೋಗಿ ಚೀಲ ತೆಗೆದು ನೋಡಿ ಬಂದೆ. ಹಸಿರೇ.